ಪ್ರತಿಕ್ರಿಯೆ: ಕಡ್ಡಾಯ ಮಾಡದೆಯೂ ಹಿಡಿತ ಇರುತ್ತದೆ

ಕಡ್ಡಾಯ ಅಂತ ಹೇಳದಿದ್ದರೆ ವಿದೇಶಿ ಭಾಷೆ ಕಲಿಕೆಯ ಮೇಲೆ ಸರ್ಕಾರಕ್ಕೆ ಹಿಡಿತ ಇರುತ್ತದಾ ಅಂತ ಕೇಳಿದ್ದೀರಿ. ಇರುತ್ತದೆ, ನಾವು ಅಂದುಕೊಳ್ಳುವುದಕ್ಕಿಂತ ಜಾಸ್ತಿ.

ದುಡ್ಡು ಒಂದು ದಾರಿ. 1957ರಲ್ಲಿ ಸೋವಿಯತ್ ಒಕ್ಕೂಟ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿಸಿತು. ತಾನು ಹಿಂದೆ ಬಿದ್ದೆ ಅನ್ನುವ ಆತಂಕದಲ್ಲಿ ಮರುವರ್ಷವೇ ಅಮೆರಿಕ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ತಂದು ಭಾಷಾ ಕಲಿಕೆಗೂ ಹಣ ಕೊಟ್ಟಿತು. ಕಾಯ್ದೆಯ ಹೆಸರಲ್ಲೇ 'ರಕ್ಷಣಾ' ಇದೆ, ಗಮನಿಸಿ.

ಸುಮ್ನೆ ಕೈಬಿಟ್ಟರೂ ಪರಿಣಾಮ ಆಗುತ್ತದೆ. ಇಂಗ್ಲೆಂಡಿನಲ್ಲಿ 2004ರಿಂದ 14 ದಾಟಿದ ಮಕ್ಕಳಿಗೆ ವಿದೇಶಿ ಭಾಷೆ ಬೇಕಿದ್ದರೆ ಮಾತ್ರ ಎಂದಾಯಿತು. ಯಾರೂ ಬೇಡ ಅನ್ನಲಿಲ್ಲ. ಆದರೂ ಫ್ರೆಂಚ್, ಜರ್ಮನ್ ಪರೀಕ್ಷೆ ಬರೆಯುವವರು ತುಂಬಾ ಕಡಿಮೆಯಾದರು.

ನನ್ನನ್ನು ಹೆಚ್ಚು ಕಾಡುವುದು ಮಾತ್ರ ಶಿಕ್ಷಕರ ಪಾಡು. ಸೋವಿಯತ್ ಪ್ರಭಾವದಲ್ಲಿದ್ದ ಹಂಗೇರಿಯ ಶಾಲೆಗಳಲ್ಲಿ 1989ರಲ್ಲಿ ರಷ್ಯನ್ ಕಡ್ಡಾಯ ಅನ್ನುವುದು ಹೋಯಿತು. ಮಕ್ಕಳು ಇಂಗ್ಲಿಷ್, ಜರ್ಮನ್ ಕಡೆ ತಿರುಗಿದರು. ವರ್ಷಗಟ್ಟಲೆ ರಷ್ಯನ್ ಕಲಿಸಿದವರು ಮತ್ತೆ ಬೆಂಚಿನ ಮೇಲೆ ಕೂತು, ಹೊಸ ಭಾಷೆಯ ವ್ಯಾಕರಣ ಮೊದಲಿನಿಂದ ಕಲಿಯಬೇಕಾಯಿತು. ಆದೇಶ ಒಂದೇ ದಿನಕ್ಕೆ ಹೊರಡುತ್ತದೆ, ಶಿಕ್ಷಕರು ತಯಾರಾಗಲು ವರ್ಷಗಳೇ ಬೇಕು ಅಲ್ವಾ?

ಹಾಗಾಗಿ ಯಾವ ದೇಶದ ನೀತಿ ಓದುವಾಗಲೂ ಶಿಕ್ಷಕರ ತರಬೇತಿಗೆ ಎಷ್ಟು ಹಣ, ಎಷ್ಟು ಸಮಯ ಇಟ್ಟಿದ್ದಾರೆ ಅನ್ನುವುದನ್ನು ಮೊದಲು ಹುಡುಕಿ.