ನಾಕ್ಸ್1 ಇದ್ದರೂ ಸೂಪರಾಕ್ಸೈಡ್ ಯಾಕೆ ಬರುತ್ತಿಲ್ಲ?

ಹೆಚ್‌ಇಕೆ293 ಎಂಬ ಮಾನವ ಕೋಶಗಳಿಗೆ, ಸೂಪರಾಕ್ಸೈಡ್ (ಒಂದು ಎಲೆಕ್ಟ್ರಾನ್ ಹೆಚ್ಚಿರುವ ಆಮ್ಲಜನಕ) ತಯಾರಿಸುವ ಕಿಣ್ವವಾದ ನಾಕ್ಸ್1ರ ಪ್ಲಾಸ್ಮಿಡ್ (ಜೀನ್ ಹೊತ್ತ ಡಿಎನ್‌ಎ ಉಂಗುರ) ಹಾಕಿದ್ದೀರಿ, ಬ್ಲಾಟ್‌ನಲ್ಲಿ ಪ್ರೋಟೀನ್ ಕಾಣುತ್ತಿದೆ, ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವವನ್ನು ಚುರುಕುಗೊಳಿಸುವ ಪಿಎಂಎ ಕೊಟ್ಟರೂ ಸೂಪರಾಕ್ಸೈಡ್ ಇಲ್ಲ ಎಂದಿದ್ದೀರಿ. ಕಿಣ್ವ ಕೆಟ್ಟಿರಲಿಕ್ಕಿಲ್ಲ, ಅದನ್ನು ಎಬ್ಬಿಸುವ ಪ್ರೋಟೀನ್‌ಗಳು ಆ ಕೋಶದಲ್ಲಿ ಇಲ್ಲ. ನಾಕ್ಸ್‌ಒ1, ನಾಕ್ಸ್‌ಎ1 ಎರಡನ್ನೂ ಜೊತೆಗೆ ಹಾಕಿ. ಪೊರೆಯಲ್ಲಿ ನಾಕ್ಸ್1ರ ಜೊತೆಗಿರುವ ಪ್ರೋಟೀನ್ ಪಿ22ಫಾಕ್ಸ್ ಮತ್ತು ಸ್ವಿಚ್ಚಿನಂಥ ಪ್ರೋಟೀನ್ ರ‍್ಯಾಕ್1 ಕೂಡ ಬೇಕು, ಆದರೆ ಅವು ಅಲ್ಲಿ ಮೊದಲೇ ಇರುತ್ತವೆ.

ಅದೇ ಕುಟುಂಬದ, ಬಿಳಿ ರಕ್ತಕಣದ ನಾಕ್ಸ್2 ನೋಡಿದರೆ ಇದರ ಒಳಗುಟ್ಟು ತಿಳಿಯುತ್ತದೆ. ಅಲ್ಲಿ ಪಿ47ಫಾಕ್ಸ್ ಎಂಬ ಎಬ್ಬಿಸುವ ಪ್ರೋಟೀನ್ ತನ್ನ ಎರಡು ಎಸ್‌ಹೆಚ್3 ಭಾಗಗಳನ್ನು ತನ್ನದೇ ಬಾಲದಿಂದ ಮುಚ್ಚಿಕೊಂಡು ಮಡಚಿ ಕೂತಿರುತ್ತದೆ. ಪ್ರೋಟೀನ್ ಕೈನೇಸ್ ಸಿ ಬಂದು 303, 304, 328ನೇ ಸೆರಿನ್ ಮೊದಲಾದವಕ್ಕೆ ಫಾಸ್ಫೇಟ್ ಅಂಟಿಸಿದಾಗ ಬಾಲ ಸಡಿಲವಾಗಿ, ಎಸ್‌ಹೆಚ್3 ಪೊರೆಯ ಪಿ22ಫಾಕ್ಸ್‌ನ ಪ್ರೋಲಿನ್ ತುಂಬಿದ ತುದಿಯನ್ನು ಹಿಡಿಯುತ್ತದೆ. ಅದರ ಜೊತೆ ಬರುವ ಪಿ67ಫಾಕ್ಸ್ ರ‍್ಯಾಕ್-ಜಿಟಿಪಿಯೊಂದಿಗೆ (ಚುರುಕಾದ ರೂಪದ ಅದೇ ಸ್ವಿಚ್) ಸೇರಿ ಎಲೆಕ್ಟ್ರಾನ್ ಹರಿವನ್ನು ಶುರು ಮಾಡುತ್ತದೆ. ಪಿ67ಫಾಕ್ಸ್‌ನ 204ನೇ ವ್ಯಾಲಿನ್ ಒಂದನ್ನೇ ಅಲನಿನ್ ಮಾಡಿದರೂ ಸಾಕು, ಜೋಡಣೆಯೆಲ್ಲ ಸರಿಯಾಗಿ ಆದರೂ ಸೂಪರಾಕ್ಸೈಡ್ ಹುಟ್ಟುವುದಿಲ್ಲ. ಇಡೀ ವಿಷಯದಲ್ಲಿ ನನಗೆ ಅತಿ ಸುಂದರವಾಗಿ ಕಾಣುವುದು ಇದೇ.

ನಾಕ್ಸ್‌ಒ1 ಪಿ47ಫಾಕ್ಸ್‌ನ ದಾಯಾದಿ (ನಾಕ್ಸ್‌ಎ1 ಪಿ67ಫಾಕ್ಸ್‌ನದು), ಆದರೆ ನಾಕ್ಸ್‌ಒ1ಗೆ ಆ ಮುಚ್ಚುವ ಬಾಲವಿಲ್ಲ. ಹಾಗಾಗಿ ಪಿಎಂಎ ಕೊಡದೆಯೂ ಸೂಪರಾಕ್ಸೈಡ್ ಬರುತ್ತದೆ. ಅದನ್ನು ಕಲಬೆರಕೆ ಎಂದುಕೊಂಡು ಪ್ರಯೋಗ ಬಿಸಾಡಬೇಡಿ.

ಮೂರೂ ಪ್ಲಾಸ್ಮಿಡ್ ಸಮ ಪ್ರಮಾಣದಲ್ಲಿರಲಿ. ಒಂದೊಂದನ್ನೇ ಬಿಟ್ಟ ಕಂಟ್ರೋಲ್‌ಗಳಲ್ಲಿ ಖಾಲಿ ವೆಕ್ಟರ್ ಸೇರಿಸಿ ಒಟ್ಟು ಡಿಎನ್‌ಎ ಒಂದೇ ಇರುವಂತೆ ನೋಡಿಕೊಳ್ಳಿ. 24ರಿಂದ 48 ಗಂಟೆಯ ನಂತರ, ಗ್ಲೂಕೋಸ್ ಇರುವ, ಫೀನಾಲ್ ರೆಡ್ ಇಲ್ಲದ ಬಫರ್‌ನಲ್ಲಿ ಸೂಪರಾಕ್ಸೈಡ್ ತಾಗಿದರೆ ಬಣ್ಣ ಬದಲಿಸುವ ಸೈಟೋಕ್ರೋಮ್ ಸಿ 50–100 ಮೈಕ್ರೋಮೋಲಾರ್ ಹಾಕಿ 37 ಡಿಗ್ರಿಯಲ್ಲಿ 550 ನ್ಯಾನೋಮೀಟರ್ ಓದಿ. ಪ್ರತಿ ಮಾದರಿಗೂ ಸೂಪರಾಕ್ಸೈಡ್ ನಾಶಮಾಡುವ ಕಿಣ್ವವಾದ ಎಸ್‌ಒಡಿ ಹಾಕಿದ ಜೋಡಿ ಬಾವಿ ಇರಲೇಬೇಕು. ಎರಡರ ವ್ಯತ್ಯಾಸ ಮಾತ್ರ ಸೂಪರಾಕ್ಸೈಡ್. 1 ಸೆಂಟಿಮೀಟರ್ ದಾರಿಗೆ ಓದು ನಿಮಿಷಕ್ಕೆ 0.021 ಏರಿದರೆ ನಿಮಿಷಕ್ಕೆ 1 ಮೈಕ್ರೋಮೋಲಾರ್ ಸೂಪರಾಕ್ಸೈಡ್. 96 ಬಾವಿಯ ಪ್ಲೇಟಿನಲ್ಲಿ ದಾರಿ ಅಷ್ಟು ಉದ್ದವಿರುವುದಿಲ್ಲ, ಲೆಕ್ಕ ಸರಿಮಾಡದಿದ್ದರೆ ಉತ್ತರ ಕಡಿಮೆ ಬರುತ್ತದೆ. ಸೈಟೋಕ್ರೋಮ್ ಸಿ ಕೋಶದೊಳಗೆ ಹೋಗುವುದಿಲ್ಲ ಎಂಬುದೂ ನೆನಪಿರಲಿ. ಇದು ಹೊರಬಂದದ್ದನ್ನಷ್ಟೇ ಅಳೆಯುತ್ತದೆ.

ಡಿಪಿಐ ಎಂಬ ಕಿಣ್ವ ತಡೆಯುವ ರಾಸಾಯನಿಕ ಹಾಕಿ ಸಿಗ್ನಲ್ ನಿಂತಿತು, ಆದ್ದರಿಂದ ನಾಕ್ಸ್1 ಎನ್ನಬೇಡಿ. ಅದು ಫ್ಲೇವಿನ್ ಇರುವ ಬೇರೆ ಕಿಣ್ವಗಳನ್ನೂ ತಡೆಯುತ್ತದೆ.

ಪಿಎಂಎಯ ಪಾತ್ರ ಖಚಿತಪಡಿಸಿಕೊಳ್ಳಬೇಕಿದ್ದರೆ ನಾಕ್ಸ್‌ಒ1, ನಾಕ್ಸ್‌ಎ1 ಬದಲು ಪಿ47ಫಾಕ್ಸ್, ಪಿ67ಫಾಕ್ಸ್ ಹಾಕಿ ನೋಡಿ. ನಾಕ್ಸ್1 ಆಗಲೂ ಕೆಲಸ ಮಾಡುತ್ತದೆ, ಆದರೆ ಪಿಎಂಎ ಕೊಟ್ಟಾಗ ಮಾತ್ರ.