ಪ್ರತಿಕ್ರಿಯೆ: ಜಪಾನ್ ನೌಕಾಪಡೆಯ ಪಾಲು 5:5:3 ಆ, 10:10:7 ಆ?

ಅಮೆರಿಕ, ಬ್ರಿಟನ್, ಜಪಾನ್ ನೌಕಾಪಡೆಗಳಿಗೆ ಒಪ್ಪಂದದಲ್ಲಿ ಕೊಟ್ಟ ಟನ್ ಮಿತಿಯ ಅನುಪಾತ ಒಂದು ನೋಟ್ಸಲ್ಲಿ 5:5:3, ಇನ್ನೊಂದರಲ್ಲಿ 10:10:7 ಇದೆ ಅಂದ್ರಲ್ಲ, ಬಹುಶಃ ಎರಡು ಬೇರೆ ಒಪ್ಪಂದಗಳು ಕಲಸಿಹೋಗಿವೆ. ನಿಮ್ಮ ನೋಟ್ಸ್ ನೋಡದೆ ಖಂಡಿತ ಅಂತ ಹೇಳಕ್ಕಾಗಲ್ಲ, ಆದ್ರೆ ವಿದ್ಯಾರ್ಥಿಗಳ ಉತ್ತರಗಳಲ್ಲಿ ನಾನು ಹೆಚ್ಚಾಗಿ ತಿದ್ದೋದು ಇದನ್ನೇ.

ಮೊದ್ಲು ಇಸವಿ ನೋಡಿ. 1922ರ ವಾಷಿಂಗ್ಟನ್ ಒಪ್ಪಂದ ಆದ್ರೆ ಬ್ಯಾಟಲ್‌ಶಿಪ್ (ದೊಡ್ಡ ಫಿರಂಗಿಗಳ ಭಾರೀ ಯುದ್ಧನೌಕೆ) ಲೆಕ್ಕ: ಅಮೆರಿಕ, ಬ್ರಿಟನ್‌ಗೆ ತಲಾ 5,25,000 ಟನ್, ಜಪಾನ್‌ಗೆ 3,15,000. ಅದೇ 5:5:3. ಕ್ರೂಸರ್‌ಗಳ (ಬ್ಯಾಟಲ್‌ಶಿಪ್‌ಗಿಂತ ಚಿಕ್ಕ ಯುದ್ಧನೌಕೆ) ಒಟ್ಟು ಟನ್ನಿಗೆ ಅಲ್ಲಿ ಮಿತಿನೇ ಇರ್ಲಿಲ್ಲ, ಅದಕ್ಕೇ ಎಲ್ಲರೂ 10,000 ಟನ್ನಿನ ಕ್ರೂಸರ್ ಕಟ್ಟೋಕೆ ಬಿದ್ದರು, ಅದನ್ನ ತಡೆಯೋಕೆ 1930ರ ಲಂಡನ್ ಒಪ್ಪಂದ ಬೇಕಾಯ್ತು.

ಆಮೇಲೆ ಹಡಗಿನ ವರ್ಗ ನೋಡಿ. ಲಂಡನ್‌ನಲ್ಲಿ ಹೆವಿ ಕ್ರೂಸರ್ (ದೊಡ್ಡ ಫಿರಂಗಿಯ ಕ್ರೂಸರ್) ಅಮೆರಿಕಕ್ಕೆ 1,80,000 ಟನ್, ಜಪಾನ್‌ಗೆ 1,08,400, ಇಲ್ಲೂ ಸುಮಾರು 60%. ಲೈಟ್ ಕ್ರೂಸರ್ (ಸಣ್ಣ ಫಿರಂಗಿಯದು), ಡಿಸ್ಟ್ರಾಯರ್‌ನಲ್ಲಿ (ಇನ್ನೂ ಚಿಕ್ಕ ಯುದ್ಧನೌಕೆ) ಮಾತ್ರ ಸುಮಾರು 70%, 10:10:7 ಬಹುಶಃ ಇಲ್ಲಿಂದಲೇ ಬಂದಿದ್ದು, ಸಬ್‌ಮರೀನ್ ಮೂವರಿಗೂ ಸಮ, 52,700. ಈ ಹೆವಿ ಕ್ರೂಸರ್ ವಿಷ್ಯಕ್ಕೇ, 60% ಸಾಲದು ಅಂತ, ಟೋಕಿಯೋದಲ್ಲಿ ನೌಕಾ ಸಿಬ್ಬಂದಿ ಮುಖ್ಯಸ್ಥ ಕಾಟೋ ಕಾಂಜಿ ಸಿಡಿದೆದ್ದಿದ್ದು, ಪ್ರಧಾನಿ ಹಮಾಗುಚಿ ಮೇಲೆ ಅದೇ ವರ್ಷ ನವೆಂಬರ್‌ನಲ್ಲಿ ಗುಂಡು ಹಾರಿದ್ದು, ಇದನ್ನ ಉತ್ತರದಲ್ಲಿ ಬಿಡಲೇಬೇಡಿ.

10:10:7 ಅಂತ ಹಾಗೇ ಬರೀಬೇಡಿ, ಬ್ರಿಟನ್ ಮತ್ತು ಅಮೆರಿಕದ ಕ್ರೂಸರ್ ಅಂಕಿ ಒಂದೇ ಅಲ್ಲ. "1930, ಅಮೆರಿಕಕ್ಕೆ ಹೋಲಿಸಿದ್ರೆ, ಈ ವರ್ಗದಲ್ಲಿ ಇಷ್ಟು" ಅಂತ ಬರೀರಿ. ಟನ್ ಇನ್ನೂ ತಾಳೆ ಆಗ್ಲಿಲ್ಲ ಅಂದ್ರೆ ಇಂಧನ ಸೇರಿಸಿದಾರಾ ನೋಡಿ, ಒಪ್ಪಂದದ ಲೆಕ್ಕದಲ್ಲಿ ಇಂಧನ ಸೇರಲ್ಲ, ಜೊತೆಗೆ ಅಲ್ಲಿ ಒಂದು ಟನ್ ಅಂದ್ರೆ 1,016 ಕೆಜಿ.