ಬೇಸ್ ಕೇಳಿಸಲ್ಲ ಅನ್ನೋದಕ್ಕೆ ಧೈರ್ಯ ಯಾಕೆ ಬೇಕು?

ಓದುಗರ ಪತ್ರ: ಕಳೆದ ಸಂಚಿಕೆಯ ‘ಒಪ್ಪದಿದ್ದರೆ ಬಿಡಿ’ ಪುಟ ಓದಿ ಬೇಸರವಾಯಿತು. ಮೆಟಲ್ ಮತ್ತು ಪ್ರೊಗ್ರೆಸಿವ್ ರಾಕ್ (ಚಿಕ್ಕದಾಗಿ ‘ಪ್ರಾಗ್’, ಉದ್ದುದ್ದ ತೊಡಕು ಹಾಡುಗಳ ರಾಕ್) ಬಗ್ಗೆ ಬೇರೆ ಯಾರೂ ಒಪ್ಪದ ಅಭಿಪ್ರಾಯ ಇದ್ದರೆ ಬರೆಯಿರಿ ಎಂದಿರಿ. ಬಂದದ್ದೇನು? ಮೆಟಾಲಿಕಾ ಬ್ಯಾಂಡಿನ ‘ಜಸ್ಟಿಸ್’ ಆಲ್ಬಮ್‌ನಲ್ಲಿ ಬೇಸ್ (ತಗ್ಗು ದನಿಯ ಗಿಟಾರು) ಇಲ್ಲ. ಫಿಲ್ ಕಾಲಿನ್ಸ್ ಜೆನೆಸಿಸ್ ಬ್ಯಾಂಡನ್ನು ಹಾಳು ಮಾಡಿದರು. ಗ್ರೌಲ್ ಮಾಡೋದು, ಅಂದರೆ ಗಂಟಲಲ್ಲಿ ಗುರುಗುಟ್ಟೋದು, ಹಾಡೋದಲ್ಲ. ಪ್ರಾಗ್ ಅಂದರೆ ಒಣ ಜಂಬ. ಇದನ್ನೆಲ್ಲ ಸಂಗೀತದ ಚರ್ಚೆ ಅನ್ನುತ್ತಾರಾ? ಜಗಳ ಹಚ್ಚುವ ಆ ಪುಟವನ್ನು ದಯವಿಟ್ಟು ನಿಲ್ಲಿಸಿ. (ಅಂದ ಹಾಗೆ, ಯೆಸ್ ಬ್ಯಾಂಡಿನ ‘ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್’ ಆಲ್ಬಮ್ಮನ್ನು ಎಲ್ಲರೂ ಬೈಯುತ್ತಾರೆ. ನನಗೆ ಅವರ ಆಲ್ಬಮ್‌ಗಳಲ್ಲಿ ಅದೇ ಎಲ್ಲಕ್ಕಿಂತ ಇಷ್ಟ.)

ಸಂಪಾದಕರ ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ಕ್ಷಮೆ ಕೇಳಿಬಿಡೋಣ ಅನ್ನಿಸಿತು. ಎರಡನೇ ಸಲ ಓದುವಾಗ ಕೊನೆಯ ಆವರಣದೊಳಗಿನ ಸಾಲು ಕಣ್ಣಿಗೆ ಬಿತ್ತು. ಪುಟ ನಿಲ್ಲಿಸಿ ಅನ್ನುವ ಪತ್ರದಲ್ಲೇ ಆ ಪುಟಕ್ಕೆ ಬೇಕಾದ ಸರಕನ್ನೂ ಇಟ್ಟು ಕಳಿಸಿದ್ದೀರಿ! ಅದರ ಮಾತು ಆಮೇಲೆ.

ನಿಮ್ಮ ದೂರು ಅರ್ಧ ಸರಿ. ಜಗಳ ಆಯಿತು ಅನ್ನೋದು ನನಗೆ ದೊಡ್ಡ ವಿಷಯವಲ್ಲ. ಮೆಟಲ್ ಕೇಳುವ ನಾಲ್ಕು ಜನ ಸೇರಿದ ಕಡೆ ಜಗಳ ಆಗದಿದ್ದರೆ ಯಾರಿಗೋ ಮೈ ಸರಿಯಿಲ್ಲ ಅಂತಲೇ ಅರ್ಥ. ನನ್ನ ಬೇಸರ ಬೇರೆ. ಆ ಪುಟದಲ್ಲಿ ಯಾರೂ ಒಪ್ಪದ ಅಭಿಪ್ರಾಯ ಒಂದೂ ಇರಲಿಲ್ಲ. ‘ಜಸ್ಟಿಸ್’ನಲ್ಲಿ ಬೇಸ್ ಕೇಳಿಸಲ್ಲ ಅನ್ನೋದು 1988ರಿಂದ ಎಲ್ಲರೂ ಹೇಳುತ್ತಿರುವ ಮಾತು. ಅದೇ ಮೆಟಾಲಿಕಾದ 2003ರ ‘ಸೇಂಟ್ ಆಂಗರ್’ನ ಸ್ನೇರ್ ಡ್ರಮ್ ತಗಡಿನ ಡಬ್ಬ ಬಡಿದ ಹಾಗಿದೆ ಅನ್ನೋದೂ ಅಷ್ಟೇ. ಊರೆಲ್ಲ ಆಡುವ ಮಾತನ್ನು ಕಿವಿಯಲ್ಲಿ ಹೇಳಿದರೆ ಅದು ಗುಟ್ಟಾಗುತ್ತದಾ? ಅಂಥದ್ದನ್ನು ಧೈರ್ಯದ ಮಾತು ಅಂತ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದು ನನ್ನ ತಪ್ಪು. ಅದನ್ನು ಒಪ್ಪಿಕೊಳ್ಳುತ್ತೇನೆ.

‘ಜಸ್ಟಿಸ್’ ವಿಷಯಕ್ಕೆ ಬಂದರೆ, ನಿಜವಾಗಿ ಯಾರೂ ಒಪ್ಪದ ಮಾತೊಂದು ನನ್ನ ಹತ್ತಿರವೇ ಇದೆ. ಆ ಆಲ್ಬಮ್‌ಗೆ ಬೇಸ್ ಬೇಡ. ಈಗ ಇರೋ ಹಾಗೇ ಸರಿ ಇದೆ.

ಬೈಯುವ ಮೊದಲು ಸ್ವಲ್ಪ ಕೇಳಿ. 1986ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ರಸ್ತೆಯಲ್ಲಿ ಬ್ಯಾಂಡಿನ ಬಸ್ಸು ಮಗುಚಿ ಬೇಸ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡರು. ಅವರ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದರು. ‘ಜಸ್ಟಿಸ್’ ಅವರ ಮೊದಲ ಪೂರ್ತಿ ಆಲ್ಬಮ್. ಅದರಲ್ಲಿ ಅವರು ನುಡಿಸಿದ್ದು ಹೆಚ್ಚು ಕಡಿಮೆ ಕೇಳಿಸುವುದೇ ಇಲ್ಲ. ಬ್ಯಾಂಡ್ ಹೇಳಿದ ಹಾಗೆ ನಾವು ಮಾಡಿದೆವು ಅಂತ ಮಿಕ್ಸಿಂಗ್ ಮಾಡಿದವರು ಹೇಳುತ್ತಾರೆ. 2018ರಲ್ಲಿ ಆಲ್ಬಮ್ ಮತ್ತೆ ಬಿಡುಗಡೆಯಾದಾಗಲೂ ಬೇಸ್ ಮೇಲೆ ಬರಲಿಲ್ಲ. ಜೇಸನ್ ಅವರಿಗೆ ಆದದ್ದು ಅನ್ಯಾಯವೇ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಕಿವಿಗೆ ನ್ಯಾಯ ಅನ್ಯಾಯ ಗೊತ್ತಾಗಲ್ಲ. ಅಭಿಮಾನಿಗಳೇ ಬೇಸ್ ಮೇಲೆತ್ತಿ ಮಾಡಿದ ಆವೃತ್ತಿಗಳನ್ನು ನಾನೂ ಆಸೆಪಟ್ಟು ಕೇಳಿದೆ. ಮೊದಲ ಐದು ನಿಮಿಷ ಖುಷಿಯಾಯಿತು. ಆಮೇಲೆ ಏನೋ ಕಳೆದುಹೋದ ಹಾಗಾಯಿತು. ಹಾಡುಗಳು ದುಂಡಗಾಗಿದ್ದವು, ಬೆಚ್ಚಗಾಗಿದ್ದವು. ಮೂಲದಲ್ಲಿ ಗಿಟಾರು ಒಣಗಿದ ಮೂಳೆಯ ಹಾಗಿದೆ. ಡ್ರಮ್ಮಿನ ಒಂದೊಂದು ಪೆಟ್ಟೂ ಖಾಲಿ ಕೋಣೆಯಲ್ಲಿ ಬಾಗಿಲು ಬಡಿದ ಹಾಗಿದೆ. ನ್ಯಾಯ ಸತ್ತುಹೋಗಿದೆ ಅಂತ ಹಾಡುವ ಆಲ್ಬಮ್ ಬೆಚ್ಚಗೆ ಯಾಕಿರಬೇಕು? ಬೇಕಂತ ಮಾಡಿದ್ದೋ, ಹೊಸಬನ ಮೇಲಿನ ಸಿಟ್ಟೋ, ಸತ್ತ ಗೆಳೆಯನ ಸಂಕಟವೋ, ಕಾರಣ ಏನೇ ಇರಲಿ. ಹೊರಗೆ ಬಂದ ಸದ್ದು ಮಾತ್ರ ಹಾಡಿಗೆ ಹೊಂದಿಕೊಂಡಿತು. ನಮ್ಮ ಕಚೇರಿಯಲ್ಲಿ ಈ ಮಾತನ್ನು ಒಬ್ಬರೂ ಒಪ್ಪಲಿಲ್ಲ. ಪುಟ ಕಟ್ಟುವ ಹುಡುಗ ಎರಡು ದಿನ ಮಾತು ಬಿಟ್ಟಿದ್ದ.

ಇಂಥ ಮಾತುಗಳಿಗಾಗಿಯೇ ಆ ಪುಟ ಶುರು ಮಾಡಿದ್ದು. ಚೆನ್ನಾಗಿದೆ, ಕೆಟ್ಟದಾಗಿದೆ ಅಂದರೆ ಸಾಲದು. ಎಲ್ಲಿ, ಯಾವ ವಾದ್ಯ, ಏನು ಕೇಳಿಸಿತು ಅಂತ ಬೆರಳಿಟ್ಟು ತೋರಿಸಬೇಕು.

ಫಿಲ್ ಕಾಲಿನ್ಸ್ ವಿಷಯ ನೋಡಿ. ಪೀಟರ್ ಗೇಬ್ರಿಯಲ್ 1975ರಲ್ಲಿ ಜೆನೆಸಿಸ್ ಬಿಟ್ಟರು. ಡ್ರಮ್ ನುಡಿಸುತ್ತಿದ್ದ ಕಾಲಿನ್ಸ್ ಮೈಕಿನ ಮುಂದೆ ಬಂದರು. ಅಲ್ಲಿಂದ ಬ್ಯಾಂಡ್ ಬರೀ ಪಾಪ್ ಆಯಿತು ಅಂತ ಹಳಬರು ಇವತ್ತಿಗೂ ಗೊಣಗುತ್ತಾರೆ. ಹಾಗಾದರೆ 1980ರ ‘ಟರ್ನ್ ಇಟ್ ಆನ್ ಅಗೇನ್’ ಹಾಡಿಗೆ ಚಪ್ಪಾಳೆ ತಟ್ಟಿ ನೋಡಿ. ನಾಲ್ಕರ ಲೆಕ್ಕ ಹಿಡಿದು ಹೊರಟರೆ ಸ್ವಲ್ಪ ಹೊತ್ತಿಗೇ ದಾರಿ ತಪ್ಪುತ್ತೀರಿ. ಅದು ಹದಿಮೂರರ ಎಣಿಕೆ. ಬ್ರಿಟನ್ನಿನಲ್ಲಿ ಮೊದಲ ಹತ್ತರೊಳಗೆ ಬಂದ ಹಾಡು ಅದು. ಕೇಳಿದವರಲ್ಲಿ ಎಷ್ಟು ಜನ ಎಣಿಸಿದರೋ! 1986ರ ‘ಇನ್ವಿಸಿಬಲ್ ಟಚ್’ ಅಂತೂ ಪಕ್ಕಾ ಪಾಪ್ ಅನ್ನಿಸಿಕೊಂಡ ಆಲ್ಬಮ್. ಅದರೊಳಗೂ ‘ಡಾಮಿನೋ’ ಅಂತ ಹತ್ತು ನಿಮಿಷ ದಾಟಿದ ಹಾಡೊಂದು ಕೂತಿದೆ. ನನ್ನ ಪ್ರಕಾರ ಗೇಬ್ರಿಯಲ್ ಕಾಲದ ಜೆನೆಸಿಸ್ ತನ್ನ ಕಷ್ಟವನ್ನು ತೋರಿಸಿಕೊಳ್ಳುತ್ತಿತ್ತು, ಕಾಲಿನ್ಸ್ ಕಾಲದ್ದು ಬಚ್ಚಿಡುತ್ತಿತ್ತು. ಬಚ್ಚಿಡೋದೇ ಜಾಸ್ತಿ ಕಷ್ಟ. ಹಾಗಂತ 80ರ ದಶಕದ ಅವರ ಎಲ್ಲ ಹಾಡನ್ನೂ ಸಹಿಸಿಕೊಳ್ಳುತ್ತೇನೆ ಅಂತಲ್ಲ. ಕೆಲವು ಬಂದಾಗ ನಾನೂ ಸುಮ್ನೆ ಮುಂದಿನದಕ್ಕೆ ಹೋಗುತ್ತೇನೆ.

ಗ್ರೌಲ್ ಹಾಡಲ್ಲ ಅನ್ನುವವರಿಗೆ ಹೆಚ್ಚು ಹೇಳಲ್ಲ. ಗಂಟಲಲ್ಲಿ ಧ್ವನಿತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಅವನ್ನು ಹದವಾಗಿ ನಡುಗಿಸಿ ಆ ಸದ್ದು ತೆಗೆಯುತ್ತಾರೆ. ಕಲಿಯದೆ ಅರಚಿದರೆ ಮಾರನೇ ದಿನ ದನಿಯೇ ಇರಲ್ಲ. ಒಪೆತ್ ಬ್ಯಾಂಡಿನ ಮಿಕಾಯೆಲ್ ಓಕರ್‌ಫೆಲ್ಟ್ ಎರಡೂ ಬಗೆಯಲ್ಲಿ ಹಾಡಬಲ್ಲರು. 2011ರ ‘ಹೆರಿಟೇಜ್’ನಲ್ಲಿ ಅವರು ಗ್ರೌಲ್ ಬಿಟ್ಟಾಗ ಅಭಿಮಾನಿಗಳು ಕೂಗಾಡಿದರು. ಅದು 2024ರ ಆಲ್ಬಮ್‌ನಲ್ಲಿ ಮತ್ತೆ ಬಂದಾಗ ಹಬ್ಬ ಮಾಡಿದರು. ಹಾಡೇ ಅಲ್ಲದ್ದಕ್ಕೆ ಹದಿಮೂರು ವರ್ಷ ಯಾರು ಕಾಯುತ್ತಾರೆ?

ಪ್ರಾಗ್ ಅಂದರೆ ಜಂಬ ಅನ್ನೋದು ಇನ್ನೂ ಹಳೇ ಮಾತು. ಅದನ್ನು ಪ್ರಾಗ್‌ನವರೇ ಮೊದಲು ಗೇಲಿ ಮಾಡಿದ್ದರು. ಜೆತ್ರೋ ಟಲ್ ಬ್ಯಾಂಡಿನ 1972ರ ‘ಥಿಕ್ ಆ್ಯಸ್ ಎ ಬ್ರಿಕ್’ ಅಂದರೆ ರೆಕಾರ್ಡಿನ ಎರಡೂ ಬದಿಗೆ ಒಂದೇ ಹಾಡು. ಸಾಹಿತ್ಯ ಬರೆದದ್ದು ಎಂಟು ವರ್ಷದ ಹುಡುಗ ಅಂತ ಒಂದು ಕಟ್ಟುಕತೆ. ಹೊದಿಕೆಯೇ ಒಂದು ಸುಳ್ಳು ಪತ್ರಿಕೆ. ದೊಡ್ಡ ದೊಡ್ಡ ಕಥೆ ಹೇಳುವ ಆಲ್ಬಮ್‌ಗಳನ್ನು ಅಣಕಿಸೋಕೆ ಮಾಡಿದ್ದು. ತಮಾಷೆ ಅಂದರೆ, ಎಷ್ಟೋ ಜನ ಅದನ್ನು ಗಂಭೀರವಾಗಿ ತೆಗೆದುಕೊಂಡರು. ಚೆನ್ನಾಗಿ ಬಂದಿತ್ತಲ್ಲ, ಅದಕ್ಕೆ! ಇದೇ ಜೆತ್ರೋ ಟಲ್ 1989ರಲ್ಲಿ ಹಾರ್ಡ್ ರಾಕ್ ಮತ್ತು ಮೆಟಲ್‌ಗೆ ಕೊಟ್ಟ ಮೊದಲ ಗ್ರ್ಯಾಮಿ ಗೆದ್ದಿತು. ಸೋತ ಆಲ್ಬಮ್ ಯಾವುದು ಗೊತ್ತಲ್ವಾ? ಅದೇ ‘ಜಸ್ಟಿಸ್’. ಮೂರು ವರ್ಷದ ನಂತರ ಮೆಟಾಲಿಕಾ ಗ್ರ್ಯಾಮಿ ಗೆದ್ದಾಗ ಅವರ ಡ್ರಮ್ಮರ್ ಲಾರ್ಸ್ ಉಲ್ರಿಕ್ ವೇದಿಕೆ ಮೇಲೆ ನಿಂತು, ಈ ವರ್ಷ ಆಲ್ಬಮ್ ಮಾಡದ ಜೆತ್ರೋ ಟಲ್‌ಗೆ ಥ್ಯಾಂಕ್ಸ್ ಹೇಳಿದರು. 1989ರ ಆ ತೀರ್ಪು ಸರಿಯಿತ್ತು ಅಂತ ವಾದ ಮಾಡುವ ಓದುಗರು ಯಾರಾದರೂ ಸಿಕ್ಕರೆ ಅರ್ಧ ಪುಟ ಕೊಡುತ್ತೇನೆ. ಇವತ್ತಿನವರೆಗೆ ಸಿಕ್ಕಿಲ್ಲ.

ಈಗ ನಿಮ್ಮ ಆವರಣದ ಸಾಲಿಗೆ ಬರೋಣ.

‘ಟೇಲ್ಸ್’ 1973ರ ಕೊನೆಗೆ ಬಂತು. ಎರಡು ರೆಕಾರ್ಡು, ನಾಲ್ಕು ಬದಿ, ಬದಿಗೊಂದು ಹಾಡು. ಎಲ್ಲ ಸೇರಿ ಸುಮಾರು 80 ನಿಮಿಷ. ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿ ಓದಿ ಗಾಯಕ ಜಾನ್ ಆ್ಯಂಡರ್ಸನ್‌ಗೆ ಇದು ಹೊಳೆಯಿತಂತೆ. ಒಂದು ಅಡಿಟಿಪ್ಪಣಿಗೆ ನಾಲ್ಕು ಬದಿ! ಕೀಬೋರ್ಡ್ ನುಡಿಸಿದ ರಿಕ್ ವೇಕ್‌ಮನ್‌ಗೇ ಅದು ಹಿಡಿಸಲಿಲ್ಲ. ಒಂದು ರೆಕಾರ್ಡಿಗೆ ಸರಕು ಜಾಸ್ತಿ, ಎರಡಕ್ಕೆ ಸಾಲದು, ಅದಕ್ಕೆ ಎಳೆದೆವು ಅನ್ನೋದು ಅವರ ಮಾತಿನ ಸಾರ. ಮ್ಯಾಂಚೆಸ್ಟರಿನಲ್ಲಿ ಇದನ್ನು ನುಡಿಸುವಾಗ ಅವರು ವೇದಿಕೆ ಮೇಲೇ ಊಟ ಮಾಡಿದ ಕಥೆ ನಿಮಗೆ ಗೊತ್ತೇ ಇರುತ್ತದೆ. 1974ರಲ್ಲಿ ಬ್ಯಾಂಡ್ ಬಿಟ್ಟರು.

ನಾನೂ ಇಷ್ಟು ದಿನ ವೇಕ್‌ಮನ್ ಪಕ್ಷವೇ. 1972ರಲ್ಲಿ ಯೆಸ್ ಮಾಡಿದ ‘ಕ್ಲೋಸ್ ಟು ದಿ ಎಡ್ಜ್’ ಹದಿನೆಂಟು ನಿಮಿಷಕ್ಕೂ ಮೀರಿದ ಹಾಡು. ಆದರೂ ಅಲ್ಲಿ ಒಂದು ನಿಮಿಷ ತೆಗೆದರೂ ಕಟ್ಟಡ ಅಲುಗಾಡುತ್ತದೆ. ‘ಟೇಲ್ಸ್’ನಲ್ಲಿ ಐದು ನಿಮಿಷ ತೆಗೆದರೂ ಯಾರಿಗೂ ಗೊತ್ತಾಗಲ್ಲ ಅಂತ ಈ ಪತ್ರಿಕೆಯಲ್ಲೇ ಬರೆದಿದ್ದೆ. ನಿಮ್ಮ ಸಾಲು ಓದಿದ ಮೇಲೆ ಮೊನ್ನೆ ರಾತ್ರಿ ಪೂರ್ತಿ ಕೇಳಿದೆ. ಎರಡನೇ ಬದಿಯಲ್ಲಿ ಎಂದಿನ ಹಾಗೆ ತೂಕಡಿಕೆ ಬಂತು. ಆದರೆ ಮೂರನೆಯ ಬದಿಯ ಕೊನೆಯಲ್ಲಿ ಗದ್ದಲವೆಲ್ಲ ಅಡಗಿ ಸ್ಟೀವ್ ಹೌ ಅವರ ಅಕೂಸ್ಟಿಕ್ ಗಿಟಾರೊಂದೇ ಉಳಿಯುತ್ತದೆ. ಜೊತೆಗೆ ಆ್ಯಂಡರ್ಸನ್ ಮೆತ್ತಗೆ ಹಾಡುತ್ತಾರೆ. ಅಲ್ಲಿ ಎದ್ದು ಕೂತೆ. ಆ ಕೆಲವೇ ನಿಮಿಷಕ್ಕೆ ಹಿಂದಿನ ಅಷ್ಟೂ ಉದ್ದ ಬೇಕಿತ್ತೇನೋ ಅನ್ನಿಸಿತು. ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಹಿಂದೆ ಬರೆದದ್ದರ ಮೇಲೆ ನನಗೆ ಈಗ ಅಷ್ಟು ನಂಬಿಕೆ ಇಲ್ಲ.

ಪುಟ ನಿಲ್ಲಿಸುತ್ತಿಲ್ಲ. ಮುಂದಿನ ಸಂಚಿಕೆಯಲ್ಲಿ ಅಲ್ಲಿ ನಿಮಗೇ ಜಾಗ ಇಟ್ಟಿದ್ದೇನೆ. ನಾಲ್ಕು ಬದಿಯಲ್ಲಿ ನಿಮ್ಮನ್ನು ಹಿಡಿದದ್ದು ಯಾವುದು, ಎಷ್ಟನೇ ನಿಮಿಷದಲ್ಲಿ, ಬರೆದು ಕಳಿಸಿ. ಎರಡನೇ ಬದಿ ದಾಟೋದು ಹೇಗೆ ಅಂತಲೂ ತಿಳಿಸಿದರೆ ಉಪಕಾರವಾಗುತ್ತದೆ.